ಭಾನುವಾರದ ಗಡ್ಡ

ನನಗೆ ವಾರ ಶುರುವಾಗುವುದು ಮಂಗಳವಾರ.
ಅಂಗಡಿಗೆ ರಜೆ. ಕತ್ತರಿಗೆ ಎಣ್ಣೆ ಬಿಟ್ಟು,
ಹತ್ತು ರೂಪಾಯಿ ಶೇಂಗಾ ಕಿಸೆಗೆ ಸುರಿದು
ಮಾಲಾದೇವಿ ಮೈದಾನಕ್ಕೆ ನಾಲ್ಕಕ್ಕೇ ಹೋಗಿ
ಬಿಸಿ ಆರದ ಮೆಟ್ಟಿಲ ಮೇಲೆ
ಅಂಗಡಿಯದೇ ಟವೆಲು ಹಾಸಿ ಕೂರುತ್ತೇನೆ.

ಮುಖ ನನಗೆ ತಡವಾಗಿ ಗುರುತು ಸಿಗುತ್ತದೆ.
ತಲೆ ಮೊದಲು.
ಅಗೋ, ಆಚೆ ಗೋಲಿನಲ್ಲಿ ಎರಡು ಸುಳಿಯವನು,
ಬೈತಖೋಲದ ಇನಾಸ್, ಕೀಪರ್.
ಎರಡು ಸುಳಿಗೆ ಎರಡು ಮದುವೆ ಅನ್ನುತ್ತಾರೆ,
ಇವನಿಗೆ ಒಂದು ಚೆಂಡು ತಬ್ಬಲೂ ಬಾರದು, ಅಂದೆ.
ಆ ದಿನ ಸೊನ್ನೆ ಸೊನ್ನೆ.
ಶೇಂಗಾ ಸಿಪ್ಪೆಯ ಜತೆ ನನ್ನ ಮಾತನ್ನೂ ಊದಿಬಿಟ್ಟೆ.

ಬುಧವಾರ ಕೊನೆಯ ಗಿರಾಕಿಯ ಒಂದು ಕಿವಿಯ ಬದಿ
ಇನ್ನೊಂದಕ್ಕಿಂತ ಗಿಡ್ಡವಾಯಿತು.
ತಾಲೂಕು ಕಚೇರಿಯವರು. ಕನ್ನಡಿ ನೋಡಿದರು,
ನನ್ನನ್ನು ನೋಡಿದರು, ‘ಯಾರ ಮ್ಯಾಚು?’ ಅಂದರು.
ಕೋಡಿಬಾಗದ ಮೇಲೆ ಬಿಣಗಾ.
ದುಡ್ಡು ಕೊಟ್ಟು ನನ್ನ ಜತೆಗೇ ನಡೆದರು.
ಐದೂವರೆಗೆ ಕಡಲ ಗಾಳಿ ಒಳಗೆ ನುಗ್ಗಿತು.
ಬಿಣಗಾದ ಕೀಪರ್ ಒದ್ದ ಚೆಂಡು
ಮೇಲೆ ಹೋಗಿ, ನಿಂತು, ಸ್ವಲ್ಪ ಯೋಚಿಸಿ
ಅವನ ಬೆನ್ನ ಹಿಂದೆಯೇ ಬಿತ್ತು.
ಕಾರ್ನರ್ ಕೊಡುತ್ತ ರೆಫ್ರಿಗೂ ನಗು.

ಗುರುವಾರ ಹೈಸ್ಕೂಲು ಹುಡುಗರು.
ಹನ್ನೊಂದು ಜನಕ್ಕೆ ಒಂಬತ್ತು ಜೊತೆ ಬೂಟು.
ಹಾಸ್ಟೆಲಿನ ಜೂಜೆ ಸಿದ್ದಿ ಓಡುವುದೇ ಇಲ್ಲ, ನಿಲ್ಲುತ್ತಾನೆ.
‘ಧಾಂವ್ ರೇ!’ ಎಂದು ಮೆಟ್ಟಿಲೆಲ್ಲ ಬಾಯಿ ಮಾಡಿತು.
ಉಳಿದವರೆಲ್ಲ ಓಡಿ ದಣಿದ ಮೇಲೆ
ಚೆಂಡೇ ಅವನ ಕಾಲ ಬುಡಕ್ಕೆ ಬಂತು
ಸಾಲ ತೀರಿಸಲು ಬಂದವನ ಹಾಗೆ.

ಶುಕ್ರವಾರ ಮ್ಯಾಚಿಲ್ಲ.
ಎರಡು ನಾಯಿ, ನಾನು, ಸುಣ್ಣ ಎಳೆಯುವ ಪುರ್ಸು.
ಅವನು ದಾರ ಹಿಡಿಯುವುದಿಲ್ಲ. ಕಣ್ಣಳತೆ.
ಕಡಲ ಕಡೆಯ ಗೋಲಿನ ಎಡಗಂಬದ ಹತ್ತಿರ
ಗೆರೆ ನಾಲ್ಕು ಬೆರಳು ಮೈದಾನದೊಳಕ್ಕೆ ಬಾಗಿತ್ತು.
ಹೇಳೋಣ ಅಂದುಕೊಂಡೆ.
ಬುಧವಾರದ ಕಿವಿ ನೆನಪಾಗಿ ಸುಮ್ಮನಾದೆ.

ಶನಿವಾರದ ಹುಡುಗಿಯರ ತಲೆ ನನಗೆ ಗೊತ್ತಿಲ್ಲ,
ಮುಖ ನೋಡಿಯೇ ಆಟ ನೋಡಬೇಕಾಯಿತು.
ಸುಂಕೇರಿಯ ಸುಲಕ್ಷಾ ಜಡೆಯನ್ನು ಹಲ್ಲಲ್ಲಿ ಕಚ್ಚಿ
ಪೆನಾಲ್ಟಿ ಒದ್ದಳು. ಕಂಬ ಠಣ್ಣೆಂದಿತು.
ಅಳಲಿಲ್ಲ. ಜಡೆ ಉಗಿದಳು, ಹಿಂದಕ್ಕೆ ಓಡಿದಳು.

ಫೈನಲು ಯಾವಾಗಲೂ ಭಾನುವಾರ,
ಭಾನುವಾರವೇ ನನಗೆ ಅಕ್ಕಿಬೇಳೆ.
ಕುರ್ಚಿಯಲ್ಲಿ ಕಾಯತಾನ್, ಇನಾಸನ ಅಪ್ಪ, ಬೋಟಿನ ತಾಂಡೇಲ.
ತೂಫಾನಿನಲ್ಲಿ ಬಲೆ ಬಿಡದವನು
ಮಗ ಗೋಲಿನಲ್ಲಿ ನಿಂತರೆ ಇಲ್ಲಿ ಬಂದು ಗಡ್ಡ ಕೊಡುತ್ತಾನೆ.
ನೊರೆ ಹಚ್ಚಿದೆ. ಗೋಡೆಯಾಚೆ ಒಂದು ಕೂಗು.
ಕತ್ತಿ ಎತ್ತಿ ಹಿಡಿದೆ.
ಕೋಡಿಬಾಗದ ಗೋಲಿಗೆ ಪಟಾಕಿ,
ಬೈತಖೋಲದ್ದಕ್ಕೆ ತಗಡಿನ ಡಬ್ಬಿ.
ಇದು ಎರಡೂ ಅಲ್ಲ, ಉಸಿರು ಒಳಗೆಳೆದ ‘ಓ’.
‘ತಪ್ಪಿತು’ ಅಂದೆ.
‘ಯಾರದ್ದು?’
ಅದು ಕೂಗಿನಲ್ಲಿ ಇರುವುದಿಲ್ಲ ಕಾಯತಾನ್‌ಬಾಬ್.
ನೊರೆ ಒಣಗಿತು, ಮತ್ತೆ ಹಚ್ಚಿದೆ.
ಒಂದು ಕೆನ್ನೆ ಮುಗಿಯುವಾಗ ಸಂಜೆಯಾಗಿತ್ತು.
ಆಗ ಪಟಾಕಿ. ಒಂದು ಸರ. ಇನ್ನೊಂದು ಸರ.
‘ಇನ್ನೊಂದು ಕೆನ್ನೆ ಮಾಡು’ ಅಂದ, ಕಣ್ಣು ಮುಚ್ಚಿ.

ಸೋಮವಾರ ಬೆಳಿಗ್ಗೆ ಇನಾಸ್ ಬಂದ.
ಸ್ನಾನವನ್ನೂ ಮಾಡಿರಲಿಲ್ಲ, ರಾತ್ರಿಯೆಲ್ಲ ದಕ್ಕೆಯಲ್ಲೇ ಇದ್ದನಂತೆ.
ಬಾಚಣಿಗೆ ಇಳಿಸಿದೆ, ಸುಣ್ಣದ ಪುಡಿ ಉದುರಿತು.
‘ಗೆರೆ ದಾಟಿತು ಅಂದರು ರೆಫ್ರಿ. ದಾಟಿರಲಿಲ್ಲ.’
ಯಾವ ಕಡೆ ಗೋಲು ಎಂದು ನಾನು ಕೇಳಲಿಲ್ಲ.
ಎರಡು ಸುಳಿಯ ನಡುವೆ ನೀರು ಚಿಮುಕಿಸಿ
ಎಂದಿಗಿಂತ ನಿಧಾನವಾಗಿ ಕತ್ತರಿಸಿದೆ,
ಎರಡೂ ಕಿವಿಯ ಬದಿಗೆ ಬೆರಳಿಟ್ಟು ಅಳೆದೆ.
ದುಡ್ಡು ಬೇಡ ಅಂದೆ.
‘ಯಾಕೆ?’
ನಾಳೆ ಮಂಗಳವಾರ, ಅಂದೆ.